ಇಸ್ಲಾಮಿನಲ್ಲಿ ಕೀರ್ತಿ, ವಿನಯ ಮತ್ತು ಮನಃಶುದ್ಧಿ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಇಂದು ಬಹುಮಾನ ವಿತರಣೆಯ ದಿನ. ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ವೇದಿಕೆಯಿಂದ ಕೆಲವು ಮಕ್ಕಳ ಹೆಸರುಗಳನ್ನು ಕೂಗುವರು. ಅವರು ಮೇಲೆ ಬಂದು ಬಹುಮಾನ ಸ್ವೀಕರಿಸುವರು. ಸಭೆಯು ಚಪ್ಪಾಳೆ ತಟ್ಟುವುದು. ತರುವಾಯ ಸಂಸ್ಥೆಗೆ ಧನಸಹಾಯ ಮಾಡಿದ ಮಹನೀಯರ ಹೆಸರುಗಳನ್ನು ಓದುವರು. ಇದೆಲ್ಲವೂ ಉಚಿತವೇ ಸರಿ. ಆದರೆ ಇಂಥ ದಿನದಲ್ಲಿಯೇ ನಾವು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು. ಹೆಸರನ್ನು ಯಾರೂ ಕೂಗದೆ ಇದ್ದರೆ, ಚಪ್ಪಾಳೆಯ ಸದ್ದೇ ಏಳದಿದ್ದರೆ, ನಾವು ಈ ಕೆಲಸವನ್ನು ಮಾಡುತ್ತಿದ್ದೆವೆ? ಮಾಡುತ್ತಿದ್ದರೂ ಇಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದೆವೆ?

ಎಲ್ಲ ಧರ್ಮಗಳೂ ಕೇಳಿದ ಈ ಪ್ರಶ್ನೆಯನ್ನು ಇಸ್ಲಾಂ ಧರ್ಮವು ಹೇಗೆ ವಿಚಾರಿಸಿದೆ ಎಂಬುದನ್ನು ತಿಳಿಸುವುದೇ ನನ್ನ ಇಂದಿನ ಉದ್ದೇಶ. ನಮ್ಮ ಶಾಲೆಯಲ್ಲಿ ಬೇರೆ ಬೇರೆ ಧರ್ಮದ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡವನ್ನು ಕಲಿಯುತ್ತಾರೆ. ಪಕ್ಕದಲ್ಲಿ ಕುಳಿತವನ ಧರ್ಮದಲ್ಲಿ ಹಿರಿಯ ವಿಚಾರಗಳೇನಿವೆ ಎಂಬುದನ್ನು ತಿಳಿಯುವುದೂ ವಿದ್ಯೆಯ ಒಂದು ಭಾಗವೇ ಆಗಿದೆ.

ಮೊದಲು ಒಂದು ಶಬ್ದದ ಪರಿಚಯ ಮಾಡಿಕೊಳ್ಳೋಣ. ಮನಸ್ಸಿನ ಈ ಶುದ್ಧಿಗೆ ಅರಬ್ಬೀ ಭಾಷೆಯಲ್ಲಿ ‘ಇಖ್ಲಾಸ್’ ಎಂದು ಹೆಸರು. ಇದು ನಮಗೆ ತೀರ ಅಪರಿಚಿತವಾದ ಶಬ್ದವಲ್ಲ. ನ್ಯಾಯಾಲಯದಲ್ಲಿ ಆರೋಪಿಯು ದೋಷಮುಕ್ತನಾದರೆ ‘ಖುಲಾಸೆಯಾದ’ ಎನ್ನುತ್ತೇವೆ. ಕೆಲಸ ಮುಗಿದರೆ ‘ಖಲಾಸ್’ ಎನ್ನುತ್ತೇವೆ. ಇವೆಲ್ಲ ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರು. ಬೆರಕೆಯಿಂದ ಬಿಡುಗಡೆ ಹೊಂದಿ ಶುದ್ಧವಾಗುವುದೆಂಬುದೇ ಇವುಗಳ ಮೂಲಾರ್ಥ. ಪವಿತ್ರ ಕುರಾನಿನ 16ನೆಯ ಅಧ್ಯಾಯದಲ್ಲಿ ಹಾಲಿನ ಮಾತು ಬರುತ್ತದೆ. ದನದ ಹೊಟ್ಟೆಯೊಳಗಿನ ಸಗಣಿ ಮತ್ತು ರಕ್ತಗಳ ನಡುವಿನಿಂದಲೇ ಶುದ್ಧವಾದ ಹಾಲು ಬರುತ್ತದೆಂದು ಅಲ್ಲಿ ಹೇಳಿದೆ. ಹಾಲಿನ ಶುದ್ಧತೆಯನ್ನು ಹೇಳಲು ಅಲ್ಲಿ ಬಳಸಿದ ಶಬ್ದ ‘ಖಾಲಿಸ್’. ಅದೂ ಇದೇ ಧಾತುವಿನದು. ಹೈನು ಮಾಡುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಲಿನಲ್ಲಿ ಸಗಣಿಯ ವಾಸನೆಯಿಲ್ಲ, ರಕ್ತದ ಬಣ್ಣವಿಲ್ಲ. ಮನುಷ್ಯನ ಸತ್ಕಾರ್ಯವೂ ಹಾಗೆಯೇ. ಅದು ನಾನಾ ಆಸೆಗಳು ತುಂಬಿದ ಮನಸ್ಸಿನಿಂದಲೇ ಹೊರಡುತ್ತದೆ. ಆದರೂ ಆ ಆಸೆಗಳ ಬೆರಕೆಯಿಲ್ಲದೆ ಅದು ಹೊರಬೀಳಬೇಕು. ಅದೇ ಇಖ್ಲಾಸ್.

ಇದಕ್ಕೆ ವಿರುದ್ಧವಾದ ದೋಷಗಳು ಎರಡು. ಜನರು ನೋಡಲೆಂದು ಮಾಡುವುದು ‘ರಿಯಾ’. ಈ ಶಬ್ದವು ನೋಟಕ್ಕೆ ಸಂಬಂಧಿಸಿದ್ದು. ಜನರ ಕಿವಿಗೆ ಬೀಳಲೆಂದು ಮಾಡುವುದು ‘ಸುಮ್‌ಅ’. ಇದು ಕೇಳುವಿಕೆಗೆ ಸಂಬಂಧಿಸಿದ್ದು. ಒಂದು ಕಣ್ಣಿನ ಹಸಿವು, ಇನ್ನೊಂದು ಕಿವಿಯ ಹಸಿವು. ಕುರಾನಿನ 107ನೆಯ ಅಧ್ಯಾಯವು ಬಹಳ ಚಿಕ್ಕದು; ಅದರಲ್ಲಿರುವುದು ಏಳೇ ವಚನಗಳು. ಅನಾಥನನ್ನು ದೂಡುವವನನ್ನು, ತೋರಿಕೆಗಾಗಿ ನಮಾಜು ಮಾಡುವವನನ್ನು ಅದು ಖಂಡಿಸುತ್ತದೆ; ನೆರೆಯವರಿಗೆ ಮನೆಬಳಕೆಯ ಸಣ್ಣಪುಟ್ಟ ವಸ್ತುವನ್ನು ಕೊಡಲು ಕೂಡ ಹಿಂಜರಿಯುವವನನ್ನು ಅದೇ ಉಸಿರಿನಲ್ಲಿ ಖಂಡಿಸುತ್ತದೆ. ಇವುಗಳನ್ನು ಒಂದೆಡೆ ಸೇರಿಸಿರುವುದರ ಮರ್ಮವನ್ನು ಗಮನಿಸಬೇಕು. ತೋರಿಕೆಯ ಭಕ್ತನು ನೂರು ಜನರ ನಡುವೆ ದೀರ್ಘವಾಗಿ ಪ್ರಾರ್ಥಿಸಬಲ್ಲನು. ಆದರೆ ನೆರೆಮನೆಯವರು ಕೊಡವನ್ನೋ ಕುಡುಗೋಲನ್ನೋ ಕೇಳಿದರೆ ಅವನಿಗೆ ಕೊಡಲಾಗದು. ಏಕೆಂದರೆ ಅದನ್ನು ನೋಡಿ ಹೊಗಳುವವರು ಅಲ್ಲಿ ಯಾರೂ ಇಲ್ಲ.

ರೋಜಾ ಅಂದರೆ ಉಪವಾಸದ ಉದಾಹರಣೆಯನ್ನು ನೋಡಿರಿ. ರಮಜಾನ್ ತಿಂಗಳಿನಲ್ಲಿ ನಿಮ್ಮ ಗೆಳೆಯನೊಬ್ಬನು ನಸುಕಿನಿಂದ ಸೂರ್ಯಾಸ್ತದವರೆಗೆ ನೀರನ್ನೂ ಮುಟ್ಟದೆ ಇರುತ್ತಾನೆ. ಕೋಣೆಯ ಬಾಗಿಲು ಮುಚ್ಚಿ ಒಂದು ಲೋಟ ನೀರು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲ. ಆದರೂ ಅವನು ಕುಡಿಯುವುದಿಲ್ಲ. ಉಪವಾಸಕ್ಕೆ ಇಸ್ಲಾಮಿನಲ್ಲಿ ವಿಶೇಷವಾದ ಗೌರವವಿರುವುದಕ್ಕೆ ಪಂಡಿತರು ಕೊಡುವ ಕಾರಣಗಳಲ್ಲಿ ಇದೂ ಒಂದು. ಈ ವ್ರತವನ್ನು ನಿಜವಾಗಿ ಪಾಲಿಸಿದೆನೆ ಇಲ್ಲವೆ ಎಂಬುದು ಅವನಿಗೆ ಮತ್ತು ದೇವರಿಗೆ ಮಾತ್ರ ಗೊತ್ತು.

ಮಹಮ್ಮದ ಪೈಗಂಬರರ ಮಾತು ಮತ್ತು ನಡೆಗಳ ವರದಿಗಳಿಗೆ ಹದೀಸು ಎನ್ನುತ್ತಾರೆ. 9ನೆಯ ಶತಮಾನದಲ್ಲಿ ಇಮಾಮ್ ಬುಖಾರಿಯವರು ಸಂಗ್ರಹಿಸಿದ ಹದೀಸುಗಳ ಮಹಾಗ್ರಂಥವು ಪ್ರಾರಂಭವಾಗುವುದೇ ಉದ್ದೇಶದ ವಿಚಾರದಿಂದ. ಕರ್ಮಗಳ ಬೆಲೆಯು ಅವುಗಳ ಹಿಂದಿರುವ ಸಂಕಲ್ಪದ ಮೇಲೆ ನಿಲ್ಲುತ್ತದೆ ಎಂಬುದು ಆ ಮೊದಲನೆಯ ಹದೀಸಿನ ತಾತ್ಪರ್ಯ. ಅಲ್ಲಿ ಕೊಟ್ಟಿರುವ ದೃಷ್ಟಾಂತವು ಪ್ರಯಾಣದ್ದು. ಕ್ರಿ. ಶ. 622ರಲ್ಲಿ ಪೈಗಂಬರರೂ ಅವರ ಅನುಯಾಯಿಗಳೂ ಮಕ್ಕಾ ನಗರವನ್ನು ಬಿಟ್ಟು ಮದೀನಾಕ್ಕೆ ವಲಸೆ ಹೋದರು. ಒಬ್ಬನು ದೇವರಿಗಾಗಿ ಮನೆಮಾರು ತೊರೆದು ಹೊರಡುತ್ತಾನೆ. ಇನ್ನೊಬ್ಬನು ಲಾಭಕ್ಕಾಗಿಯೋ ಮದುವೆಯ ಆಸೆಗಾಗಿಯೋ ಹೊರಡುತ್ತಾನೆ. ಇಬ್ಬರೂ ತುಳಿಯುವ ಮರಳು ಒಂದೇ, ಸಹಿಸುವ ಬಿಸಿಲು ಒಂದೇ, ಸೇರುವ ಊರೂ ಒಂದೇ. ಆದರೆ ಇಬ್ಬರೂ ಮಾಡಿದ್ದು ಒಂದೇ ಪ್ರಯಾಣವಲ್ಲ. ಪ್ರತಿಯೊಬ್ಬನಿಗೂ ತಾನು ಯಾವುದಕ್ಕಾಗಿ ಹೊರಟನೋ ಅದೇ ಫಲವಾಗಿ ದೊರೆಯುವುದು.

ಇಮಾಮ್ ಮುಸ್ಲಿಂ ಅವರ ಸಂಗ್ರಹದಲ್ಲಿ ಇನ್ನೊಂದು ಹದೀಸುಂಟು. ಅದನ್ನು ಕೇಳಿದರೆ ನಮ್ಮಂಥ ಶಾಲೆಯ ಜನರಿಗೆ ಎದೆ ಝಲ್ಲೆನ್ನಬೇಕು. ಅಂತಿಮ ನ್ಯಾಯದ ದಿನ ಮೊಟ್ಟಮೊದಲು ವಿಚಾರಣೆಗೆ ನಿಲ್ಲುವವರು ಕಳ್ಳರಲ್ಲ, ಕೊಲೆಗಡುಕರಲ್ಲ; ಯುದ್ಧದಲ್ಲಿ ಮಡಿದ ಒಬ್ಬ ವೀರ, ಕಲಿತು ಕಲಿಸಿದ ಒಬ್ಬ ವಿದ್ವಾಂಸ, ಹಣವನ್ನು ದಾನ ಮಾಡಿದ ಒಬ್ಬ ಶ್ರೀಮಂತ. ಮೂವರೂ ತಾವು ಮಾಡಿದ್ದೆಲ್ಲ ದೇವರಿಗಾಗಿ ಎಂದು ಹೇಳಿಕೊಳ್ಳುತ್ತಾರೆ. ವೀರನೆನಿಸಿಕೊಳ್ಳಲು, ಪಂಡಿತನೆನಿಸಿಕೊಳ್ಳಲು, ದಾನಿಯೆನಿಸಿಕೊಳ್ಳಲು ಅದನ್ನು ಮಾಡಿದಿರಿ, ಜನರು ನಿಮ್ಮನ್ನು ಹಾಗೆಯೇ ಕರೆದೂ ಆಯಿತು ಎಂಬರ್ಥದ ಉತ್ತರವು ಅವರಿಗೆ ದೊರೆಯುತ್ತದೆ. ಬಯಸಿದ ಕೂಲಿಯು ಇಲ್ಲಿಯೇ ಸಂದಿತ್ತು. ಅಲ್ಲಿ ಪಡೆಯಲು ಏನೂ ಉಳಿದಿರಲಿಲ್ಲ. ವಿದ್ಯಾರ್ಥಿಗಳೆ, ಆ ಮೂವರಲ್ಲಿ ಇಬ್ಬರು ಶಾಲೆಗೆ ಸೇರಿದವರೆಂಬುದನ್ನು ನೀವು ಗಮನಿಸಿರಬಹುದು: ಒಬ್ಬನು ಪಾಠ ಹೇಳಿದವನು, ಇನ್ನೊಬ್ಬನು ದಾನ ಕೊಟ್ಟವನು.

ಇನ್ನು ವಿನಯದ ವಿಚಾರ. ಪೈಗಂಬರರು ತಮ್ಮ ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸದಲ್ಲಿ ನೆರವಾಗುತ್ತಿದ್ದರು ಎಂದು ಅವರ ಪತ್ನಿ ಆಯಿಷಾ ಅವರು ಹೇಳಿದ ವರದಿಗಳಿವೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಪ್ರಸಂಗವು ಬೇರೊಂದಿದೆ. ಕ್ರಿ. ಶ. 632ರಲ್ಲಿ ಅವರ ಎಳೆಯ ಮಗ ಇಬ್ರಾಹೀಮನು ಮದೀನಾದಲ್ಲಿ ತೀರಿಕೊಂಡನು. ಅದೇ ದಿನ ಸೂರ್ಯಗ್ರಹಣವಾಯಿತು. ಪೈಗಂಬರರ ಮಗನ ಮರಣಕ್ಕೆ ಸೂರ್ಯನೇ ಕಪ್ಪಾದನೆಂದು ಜನರು ಆಡಿಕೊಳ್ಳತೊಡಗಿದರು. ಪುತ್ರಶೋಕದಲ್ಲಿ ಮುಳುಗಿದ್ದ ತಂದೆಯು ಆಗ ಸುಮ್ಮನಿದ್ದಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆ ಮೌನದಿಂದ ಅವರ ಮಹಿಮೆಯು ಜನರ ಕಣ್ಣಿಗೆ ಇಮ್ಮಡಿಯಾಗುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ದೇವರ ಸೃಷ್ಟಿಯ ಎರಡು ಕುರುಹುಗಳು ಮಾತ್ರ, ಯಾವ ಮನುಷ್ಯನ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಯಹೇಳಿದರು. ತನಗೆ ಸಲ್ಲದ ಕೀರ್ತಿಯು ತಾನಾಗಿ ಬಾಗಿಲಿಗೆ ಬಂದಾಗ ಅದನ್ನು ಹಿಂದಕ್ಕೆ ಕಳುಹಿಸುವುದು ವಿನಯ. ತಲೆ ಬಾಗಿಸಿ ನಡೆಯುವುದಕ್ಕಿಂತ ಇದು ಬಹಳ ಕಠಿಣವಾದದ್ದು. ವಿನಯವೂ ಸತ್ಯವೂ ಬೇರೆ ಬೇರೆಯಲ್ಲವೆಂದು ಈ ಪ್ರಸಂಗದಿಂದ ನಾವು ತಿಳಿಯಬಹುದು.

ಪೈಗಂಬರರ ಮಗಳಾದ ಫಾತಿಮಾ ಅವರ ಮೊಮ್ಮಗ ಅಲೀ ಎಂಬವರಿದ್ದರು. ಜೈನುಲ್ ಆಬಿದೀನ್, ಎಂದರೆ ಆರಾಧಕರ ಭೂಷಣ, ಎಂದು ಅವರಿಗೆ ಬಿರುದು. 8ನೆಯ ಶತಮಾನದ ಆರಂಭದಲ್ಲಿ ಮದೀನಾದಲ್ಲಿ ಅವರು ತೀರಿಕೊಂಡರು. ಆ ಊರಿನ ಅನೇಕ ಬಡವರ ಮನೆಗಳಿಗೆ ರಾತ್ರಿಯ ಕತ್ತಲಲ್ಲಿ ಆಹಾರವು ಬರುತ್ತಿತ್ತಂತೆ. ತಂದಿಡುವವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಅಲೀ ಅವರ ಮರಣದ ನಂತರ ಅದು ಬರುವುದು ನಿಂತುಹೋಯಿತು. ಶವಕ್ಕೆ ಸ್ನಾನ ಮಾಡಿಸುವಾಗ ಅವರ ಬೆನ್ನಿನ ಮೇಲೆ ಮೂಟೆ ಹೊತ್ತ ಕಪ್ಪು ಗುರುತುಗಳು ಕಂಡವೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯದಂತೆ ದಾನ ಮಾಡಬೇಕೆಂಬ ಉಪದೇಶವು ಹದೀಸಿನಲ್ಲಿಯೂ ಉಂಟು. ಅದನ್ನು ಅವರು ಬದುಕಿರುವವರೆಗೂ ನಡೆಸಿ ತೋರಿಸಿದರು.

ಈಗ ನಿಮಗೊಂದು ಸಂಶಯ ಬರಬಹುದು. ಹಾಗಾದರೆ ಮನಸ್ಸು ಪೂರ್ತಿಯಾಗಿ ಶುದ್ಧವಾಗುವವರೆಗೆ ನಾವು ಒಳ್ಳೆಯ ಕೆಲಸವನ್ನೇ ಮಾಡಬಾರದೆ? ಇದಕ್ಕೆ ಉತ್ತರವನ್ನು ಒಬ್ಬ ಉಪಾಧ್ಯಾಯರ ಜೀವನದಲ್ಲಿ ಕಾಣಬಹುದು. ಅವರೇ ಇಮಾಮ್ ಗಜಾಲಿಯವರು.

ಗಜಾಲಿಯವರು ಕ್ರಿ. ಶ. 1058ರಲ್ಲಿ ಇಂದಿನ ಇರಾನಿನ ಈಶಾನ್ಯ ಭಾಗದಲ್ಲಿರುವ ತೂಸ್ ಎಂಬಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ತಂದೆಯ ಸ್ನೇಹಿತರು ಮಕ್ಕಳಿಬ್ಬರನ್ನೂ ಕೈಲಾದಷ್ಟು ದಿನ ಸಾಕಿ, ಹಣ ಮುಗಿದಾಗ ವಿದ್ಯಾರ್ಥಿಗಳಿಗೆ ಊಟ ಹಾಕುವ ಒಂದು ವಿದ್ಯಾಶಾಲೆಗೆ ಸೇರಿಸಿದರಂತೆ. ದೇವರಿಗಲ್ಲದೆ ಬೇರೆಯದಕ್ಕಾಗಿ ವಿದ್ಯೆಯನ್ನು ಅರಸಿ ಬಂದೆವು, ವಿದ್ಯೆಯಾದರೋ ದೇವರಿಗಲ್ಲದೆ ಬೇರೆಯದಕ್ಕೆ ಒಲಿಯಲು ಒಪ್ಪಲಿಲ್ಲ ಎಂಬರ್ಥದ ಮಾತನ್ನು ಗಜಾಲಿಯವರು ಮುಂದೆ ಹೇಳಿದರೆಂದು ಪ್ರತೀತಿಯುಂಟು. ಹಸಿವೆಯಿಂದ ಶಾಲೆಗೆ ಬಂದ ಮಗುವೂ ವಿದ್ಯೆಯಿಂದ ದೊಡ್ಡದಾಗಬಹುದು. ಆರಂಭದ ಉದ್ದೇಶವು ಚಿಕ್ಕದಾಗಿದ್ದರೆ ಅದಕ್ಕಾಗಿ ನಾಚಬೇಕಾಗಿಲ್ಲ. ಕೊನೆಯವರೆಗೂ ಅದು ಚಿಕ್ಕದಾಗಿಯೇ ಉಳಿಯಬಾರದು, ಅಷ್ಟೆ.

1091ರಲ್ಲಿ ಪ್ರಧಾನಮಂತ್ರಿ ನಿಜಾಮುಲ್ ಮುಲ್ಕರು ಗಜಾಲಿಯವರನ್ನು ಬಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಆಚಾರ್ಯರನ್ನಾಗಿ ನೇಮಿಸಿದರು. ಆಗ ಅವರಿಗೆ ಸುಮಾರು 33 ವರ್ಷ. ಅವರ ಪಾಠಕ್ಕೆ ಮುನ್ನೂರು ವಿದ್ಯಾರ್ಥಿಗಳು ಸೇರುತ್ತಿದ್ದರು. ಸಂಪತ್ತು, ಪದವಿ, ಮನ್ನಣೆ ಎಲ್ಲವೂ ಇದ್ದವು. ಆಗ ಅವರು ತಮ್ಮನ್ನು ತಾವೇ ಕೇಳಿಕೊಂಡರು: ನಾನು ಪಾಠ ಹೇಳುತ್ತಿರುವುದು ಯಾರಿಗಾಗಿ? ಒಳಗೆ ಹುಡುಕಿದಾಗ ಕಂಡದ್ದು ದೇವರಲ್ಲ, ಸ್ಥಾನಮಾನದ ಮತ್ತು ಹೆಸರಿನ ಆಸೆ. 1095ರಲ್ಲಿ ಸುಮಾರು ಆರು ತಿಂಗಳು ಅವರ ಮನಸ್ಸು ಹೊಯ್ದಾಡಿತು. ಒಂದು ದಿನ ಎಲ್ಲವನ್ನೂ ಬಿಡಬೇಕೆನ್ನಿಸುವುದು, ಮರುದಿನ ಬಿಡಲಾಗದು. ಕೊನೆಗೆ ನಾಲಿಗೆಯೇ ಕಟ್ಟಿಹೋಗಿ ಪಾಠ ಹೇಳಲು ಮಾತು ಹೊರಡದಾಯಿತು. ಅನ್ನ ನೀರು ಸೇರದಾಯಿತು. ಇದು ಹೃದಯದ ವ್ಯಥೆ, ಔಷಧದಿಂದ ಹೋಗದು ಎಂದು ವೈದ್ಯರು ಕೈಬಿಟ್ಟರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಕಡೆಗೆ ಅವರು ಸಂಸಾರಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ ಸಂಪತ್ತನ್ನು ಹಂಚಿ ಬಗ್ದಾದನ್ನು ತೊರೆದರು. ದಮಾಸ್ಕಸ್ ನಗರದ ದೊಡ್ಡ ಮಸೀದಿಯ ಮಿನಾರಿನೊಳಗೆ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಧ್ಯಾನದಲ್ಲಿರುತ್ತಿದ್ದರು. ಜೆರೂಸಲೇಮಿಗೆ ಹೋದರು, ಮಕ್ಕಾ ಯಾತ್ರೆ ಮಾಡಿದರು. ಆ ವರ್ಷಗಳಲ್ಲಿ ಅವರು ಬರೆದ ಮಹಾಗ್ರಂಥಕ್ಕೆ ‘ಇಹ್ಯಾ ಉಲೂಮಿದ್ದೀನ್’, ಎಂದರೆ ‘ಧರ್ಮವಿದ್ಯೆಗಳ ಪುನರುಜ್ಜೀವನ’, ಎಂದು ಹೆಸರು. ಅದರ ನಲವತ್ತು ಭಾಗಗಳಲ್ಲಿ ಒಂದು ಭಾಗವು ಕೀರ್ತಿಯ ಆಸೆ ಮತ್ತು ತೋರಿಕೆಗಳಿಗೇ ಮೀಸಲಾಗಿದೆ. ಅಲ್ಲಿ ಅವರು ರಿಯಾ ಎಂಬ ರೋಗದ ಸೂಕ್ಷ್ಮ ಲಕ್ಷಣಗಳನ್ನು ನುರಿತ ವೈದ್ಯನಂತೆ ಗುರುತಿಸಿದ್ದಾರೆ. ಒಬ್ಬನು ತನ್ನ ಪುಣ್ಯಕಾರ್ಯವನ್ನು ಯಾರಿಗೂ ಹೇಳುವುದಿಲ್ಲ, ಗುಟ್ಟಾಗಿಯೇ ಮಾಡುತ್ತಾನೆ. ಆದರೆ ದಾರಿಯಲ್ಲಿ ಜನರು ತನಗೆ ಮೊದಲು ಸಲಾಮು ಮಾಡಲಿ ಎಂದು ಬಯಸುತ್ತಾನೆ, ಸಭೆಯಲ್ಲಿ ಸರಿದು ಜಾಗ ಕೊಡಲಿ ಎಂದು ಬಯಸುತ್ತಾನೆ, ಅಂಗಡಿಯವನು ದರದಲ್ಲಿ ಸ್ವಲ್ಪ ಸಡಿಲ ಬಿಡಲಿ ಎಂದು ಕೂಡ ಬಯಸುತ್ತಾನೆ. ಹಾಗಾಗದಿದ್ದರೆ ಅವನಿಗೆ ಒಳಗೊಳಗೇ ಆಶ್ಚರ್ಯವಾಗುತ್ತದೆ. ಮುಚ್ಚಿಟ್ಟ ಪುಣ್ಯಕ್ಕೆ ಅವನು ಬಡ್ಡಿ ಕೇಳುತ್ತಿದ್ದಾನೆಂದು ತಿಳಿಯಬೇಕು.

ಆದರೆ ಗಜಾಲಿಯವರ ಕಥೆಯು ತ್ಯಾಗದಲ್ಲಿಯೇ ಮುಗಿಯುವುದಿಲ್ಲ. ನನ್ನ ಮಟ್ಟಿಗೆ ಅದರ ಸಾರವು ಮುಂದಿನ ಭಾಗದಲ್ಲಿದೆ. ಸುಮಾರು 11 ವರ್ಷಗಳ ತರುವಾಯ, 1106ರಲ್ಲಿ, ಅವರು ಮತ್ತೆ ಪಾಠ ಹೇಳಲು ನಿಶಾಪುರದ ವಿದ್ಯಾಪೀಠಕ್ಕೆ ಬಂದರು. ಮತ್ತೆ ಅದೇ ಗುರುಪೀಠ, ಅದೇ ಪುಸ್ತಕಗಳು, ಎದುರಿಗೆ ಅದೇ ರೀತಿಯಲ್ಲಿ ಕುಳಿತ ಶಿಷ್ಯರು. ಹೊರಗಿನವರು ನೋಡಿದರೆ ಬಿಟ್ಟ ಕೆಲಸಕ್ಕೆ ಮರಳಿದರೆಂದೇ ಹೇಳಬೇಕು. ತಾವು ಹಾಗೆ ಭಾವಿಸುವುದಿಲ್ಲವೆಂದು ಗಜಾಲಿಯವರು ಬರೆದಿದ್ದಾರೆ. ಹಿಂದೆ ಸ್ಥಾನಮಾನಗಳನ್ನು ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಅವುಗಳನ್ನು ಬಿಡಲು ಕಲಿಸುವ ವಿದ್ಯೆಗೆ ಕರೆಯುತ್ತಿದ್ದೇನೆ ಎಂಬುದು ಅವರ ಮಾತಿನ ಭಾವಾರ್ಥ. ಕೊನೆಗೆ ಹುಟ್ಟೂರಿಗೆ ಹಿಂದಿರುಗಿ 1111ರಲ್ಲಿ ಅಲ್ಲಿಯೇ ಕಾಲವಾದರು. ಕೆಲಸವನ್ನು ಬಿಟ್ಟುಬಿಡುವುದು ಕೊನೆಯ ಮದ್ದಲ್ಲ, ಸಂಕಲ್ಪವನ್ನು ತಿದ್ದಿಕೊಂಡು ಅದೇ ಕೆಲಸಕ್ಕೆ ಮರಳುವುದೇ ನಿಜವಾದ ಮದ್ದು ಎಂಬುದನ್ನು ಅವರ ಬಾಳು ನಮಗೆ ಹೇಳುತ್ತದೆ.

ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲು ಫುಜೈಲ್ ಇಬ್ನ್ ಇಯಾಜ್ ಎಂಬ ಸಂತರು ಇದೇ ತತ್ತ್ವವನ್ನು ಇನ್ನೊಂದು ರೀತಿಯಲ್ಲಿ ತಿಳಿಸಿದ್ದರು. ಜನರು ನೋಡಲೆಂದು ಸತ್ಕಾರ್ಯವನ್ನು ಮಾಡುವುದು ಹೇಗೆ ದೋಷವೋ, ಜನರು ಏನೆನ್ನುವರೋ ಎಂದು ಹೆದರಿ ಅದನ್ನು ಬಿಡುವುದೂ ಹಾಗೆಯೇ ದೋಷವೆಂದು ಅವರ ಅಭಿಪ್ರಾಯ. ಎರಡರಲ್ಲಿಯೂ ನಮ್ಮನ್ನು ಆಳುತ್ತಿರುವುದು ಜನರ ಕಣ್ಣೇ ಅಲ್ಲವೆ? ಕುರಾನಿನ ಎರಡನೆಯ ಅಧ್ಯಾಯವು ಬಹಿರಂಗವಾದ ದಾನವನ್ನೂ ಒಳ್ಳೆಯದೆಂದೇ ಒಪ್ಪುತ್ತದೆ; ಗುಪ್ತವಾಗಿ ಬಡವರಿಗೆ ಮುಟ್ಟಿಸಿದ್ದನ್ನು ಅದಕ್ಕಿಂತ ಒಳ್ಳೆಯದೆನ್ನುತ್ತದೆ. ಒಬ್ಬರು ಕೊಟ್ಟದ್ದನ್ನು ಕಂಡು ಇನ್ನೊಬ್ಬರು ಕೊಡುವಂತಾದರೆ ಬಹಿರಂಗ ದಾನಕ್ಕೂ ಅದರದೇ ಆದ ಪುಣ್ಯವುಂಟು. ಆದಕಾರಣ ಈ ಸಂಸ್ಥೆಯು ದಾನಿಗಳ ಹೆಸರನ್ನು ಓದುವುದರಲ್ಲಿ ತಪ್ಪಿಲ್ಲ. ಓದುವುದು ಸಂಸ್ಥೆಯ ಧರ್ಮ. ಅದಕ್ಕಾಗಿಯೇ ಕೊಡದಿರುವುದು ದಾನಿಯ ಧರ್ಮ.

ಕೀರ್ತಿಯ ಸ್ವಭಾವವೇನೆಂಬುದನ್ನು ಮಕ್ಕಳು ವಿಜಯಪುರದ ಗೋಳಗುಮ್ಮಟದಲ್ಲಿ ಕಿವಿಯಾರೆ ಕೇಳಬಹುದು. 1656ರಲ್ಲಿ ತೀರಿಕೊಂಡ ಸುಲ್ತಾನ್ ಮಹಮ್ಮದ್ ಆದಿಲ್ ಶಹಾನ ಗೋರಿ ಅದು. ಮೇಲಿನ ಸುತ್ತುಮೊಗಸಾಲೆಯಲ್ಲಿ ನಿಂತು ಕೂಗಿದರೆ ಆ ಕೂಗು ಮತ್ತೆ ಮತ್ತೆ ಹಿಂದಿರುಗಿ ಬರುತ್ತದೆ. ಯಾರೋ ಅನೇಕರು ತನಗೆ ಉತ್ತರ ಕೊಡುತ್ತಿದ್ದಾರೆಂದು ಚಿಕ್ಕ ಮಗು ಹಿಗ್ಗುತ್ತದೆ. ವಾಸ್ತವದಲ್ಲಿ ಅಲ್ಲಿ ಬೇರೆ ಯಾರೂ ಇಲ್ಲ. ಕೇಳುತ್ತಿರುವುದು ಅದರ ಸ್ವಂತ ಧ್ವನಿಯೇ. ಹೊಗಳಿಕೆಯನ್ನು ಬಯಸಿ ಬಯಸಿ ಪಡೆದವನ ಸ್ಥಿತಿಯೂ ಇಷ್ಟೇ.

ಕೊನೆಯದಾಗಿ ಮೂರು ಬಿನ್ನಹಗಳು. ವಿದ್ಯಾರ್ಥಿಗಳೆ, ಬಹುಮಾನ ಬಂದರೆ ಸಂತೋಷದಿಂದ ತೆಗೆದುಕೊಳ್ಳಿರಿ. ಆದರೆ ಯಾರೂ ಅಂಕ ಕೊಡದ ಒಂದು ಒಳ್ಳೆಯ ಕೆಲಸವನ್ನು ದಿನಕ್ಕೊಮ್ಮೆಯಾದರೂ ಮಾಡಿರಿ. ಹಿಂದುಳಿದ ಗೆಳೆಯನಿಗೆ ಒಂದು ಲೆಕ್ಕವನ್ನು ಹೇಳಿಕೊಡಿರಿ, ಮತ್ತು ಹೇಳಿಕೊಟ್ಟೆನೆಂದು ಮನೆಯಲ್ಲಿಯೂ ಹೇಳಬೇಡಿರಿ. ಕುರಾನಿನಲ್ಲಿ ಲುಕ್ಮಾನನೆಂಬ ಜ್ಞಾನಿಯು ತನ್ನ ಮಗನಿಗೆ ಮಾಡಿದ ಉಪದೇಶವು ಬರುತ್ತದೆ: ಜನರಿಂದ ಮುಖ ತಿರುಗಿಸಬಾರದು, ನೆಲದ ಮೇಲೆ ಬೀಗಿ ನಡೆಯಬಾರದು, ದನಿಯನ್ನು ತಗ್ಗಿಸಿ ಮಾತಾಡಬೇಕು ಎಂದು ಅದರ ಸಾರಾಂಶ. ಮೊದಲನೆಯ ಬಹುಮಾನ ಪಡೆದವನಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಬೇಕು.

ತಾಯಿತಂದೆಗಳೆ, ಮಗುವನ್ನು ನೆರೆಯವರ ಮುಂದೆ ನಿಲ್ಲಿಸಿ ಅದರ ಅಂಕಗಳನ್ನು ಹೇಳಿಸುವ ಮುನ್ನ ಒಮ್ಮೆ ಯೋಚಿಸಿರಿ. ನೋಡುವವರಿದ್ದರೆ ಮಾತ್ರ ಓದತಕ್ಕದ್ದೆಂದು ಕಲಿತ ಮಗುವು ನೋಡುವವರಿಲ್ಲದ ದಿನ ಪುಸ್ತಕವನ್ನು ಮುಚ್ಚುವುದು. ಬಹುಮಾನ ಬಾರದ ಮಕ್ಕಳು ಇಂದು ಈ ಸಭೆಯಲ್ಲಿ ಬಹಳ ಇದ್ದಾರೆ. ನಾವು ಕಾಣದ ಪರಿಶ್ರಮವು ಅವರಲ್ಲಿಯೂ ಇದೆ. ಅವರನ್ನು ಇಂದು ಕೈಹಿಡಿದು ನಗುನಗುತ್ತ ಮನೆಗೆ ಕರೆದುಕೊಂಡು ಹೋಗಿರಿ.

ಸಂಸ್ಥೆಯ ಹಿರಿಯರೆ, ರಾಜ್ಯದ ಗಡಿಯಾಚೆ ಕನ್ನಡ ಶಾಲೆಯನ್ನು ನಡೆಸುವುದು ಹೆಸರು ತರುವ ಕೆಲಸವಲ್ಲ. ಮಕ್ಕಳು ಕಡಿಮೆಯಾದ ವರ್ಷ, ಹಣ ಸಾಲದ ವರ್ಷ, ಯಾರೂ ವಿಚಾರಿಸದ ವರ್ಷ ಬರುತ್ತವೆ. ಹೆಸರಿಗಾಗಿ ಬಂದವರು ಅಂಥ ವರ್ಷಗಳಲ್ಲಿ ಉಳಿಯಲಾರರು. ಮನಸ್ಸು ಶುದ್ಧವಾಗಿದ್ದವರು ಮಾತ್ರ ಉಳಿಯುವರು, ಮತ್ತು ಶಾಲೆಯೂ ಅವರಿಂದಲೇ ಉಳಿಯುವುದು.